ಗೇಣಯ್ಯಗಳ ದಂಡು

"ಅಜ್ಜೀ, ಇದು ಯಾರ ಮಾಸ್ಕ್? ಇಷ್ಟು ದೊಡ್ಡ ಬಾಯಿ ಯಾರಿಗುಂಟು?"

ಮೊಮ್ಮಗಳು ಕಪಾಟಿನ ತಳದಿಂದ ಎಳೆದು ತಂದದ್ದನ್ನು ನೋಡಿ ನನಗೆ ನಗು ಬಂತು. ಬಣ್ಣ ಮಾಸಿದ ಹೂವಿನ ಬಟ್ಟೆಯ ಒಂದು ಚೀಲ, ನಾಲ್ಕು ಮೂಲೆಗೆ ನಾಲ್ಕು ಲಾಡಿ. ಅವಳ ಅಮ್ಮ, ಅಂದರೆ ನನ್ನ ಮಗಳು, ನರ್ಸ್. ಲಾಡಿಯಿರುವ ಬಟ್ಟೆ ಎಂದರೆ ಆ ಐದು ವರ್ಷದ ಹುಡುಗಿಗೆ ಮಾಸ್ಕೇ.

ಆ ಮಗಳು ಮುಂದಿನ ವಾರ ಬಹರೈನಿಗೆ ಹೊರಟಿದ್ದಾಳೆ. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಮಗು ನನ್ನ ಹತ್ತಿರ ಇರಬೇಕು. ಇದನ್ನು ಮಗುವಿಗೆ ಹೇಳುವ ಕೆಲಸವನ್ನು ಮಗಳು ನನ್ನ ತಲೆಗೆ ಕಟ್ಟಿದ್ದಾಳೆ, ನಾನು ಇವತ್ತು ಬೇಡ ನಾಳೆ ಎನ್ನುತ್ತಾ ಕಪಾಟು ಜೋಡಿಸುತ್ತಿದ್ದೇನೆ. ಹೇಳಲಾಗದ ಮಾತು ಮನೆಯಲ್ಲಿದ್ದರೆ ಕಪಾಟುಗಳು ಎಷ್ಟು ಚೊಕ್ಕಟವಾಗುತ್ತವೆ ಅಂತೀರಿ!

ಈ ಚೀಲ ಆಡಿನದು. ಅದರ ಹೊಟ್ಟೆಯಡಿಗೆ ಕಟ್ಟುವಂಥದ್ದು. ಯಾಕೆ ಕಟ್ಟುತ್ತಾರೆ ಎಂದು ಆಮೇಲೆ ಹೇಳುತ್ತೇನೆ, ನನಗೂ ಗೊತ್ತಾದದ್ದು ತುಂಬಾ ಆಮೇಲೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಹರೈನಿನ ಸೆಗಯಾದಲ್ಲಿ ಆಗ ಈಗಿನಷ್ಟು ಫ್ಲಾಟುಗಳಿರಲಿಲ್ಲ. ತಗ್ಗು ಮನೆಗಳು, ಓಣಿಗಳು, ಓಣಿ ತುಂಬ ಯಾರ ಹಂಗೂ ಇಲ್ಲದೆ ತಿರುಗುವ ಆಡುಗಳು. ಹುಲ್ಲು ಎಲ್ಲಿಂದ ಬರಬೇಕು? ರಟ್ಟಿನ ಪೆಟ್ಟಿಗೆಗಳನ್ನು ಹಪ್ಪಳದ ಹಾಗೆ ತಿನ್ನುತ್ತಿದ್ದವು. ಅಲ್ಲೊಂದು ಓಣಿಯ ತುದಿಯಲ್ಲಿ ಅಪ್ಪನ ಹೊಲಿಗೆ ಅಂಗಡಿ, ಅದರ ಹಿಂದಿನ ಕೋಣೆ ನಮ್ಮ ಮನೆ. ಅಮ್ಮ ಊರಿನಲ್ಲಿ ಜ್ವರದಿಂದ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಹೆಣ್ಣುಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗು ಎಂದು ಎಲ್ಲರೂ ಹೇಳಿದರಂತೆ. ಅಪ್ಪ ಕೇಳಲಿಲ್ಲ, ತಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಅರಬ್ ಕಫೀಲನ ಕೈಕಾಲು ಹಿಡಿದು ನನಗೂ ವೀಸಾ ಮಾಡಿಸಿದರು.

ಅಂಗಡಿಗೆ ದಿನವೂ ಬರುತ್ತಿದ್ದವರು ಪಕ್ಕದ ಮನೆಯ ಅರಬ್ ಅಜ್ಜಿ. ಹಸನನ ತಾಯಿಯಾದ್ದರಿಂದ ಅಲ್ಲಿಯ ಪದ್ಧತಿಯಂತೆ ಉಮ್ ಹಸನ್. ನಾನು ಅದೇ ಹೆಸರೆಂದುಕೊಂಡು 'ಉಮ್ಮಸನಜ್ಜಿ' ಮಾಡಿಬಿಟ್ಟಿದ್ದೆ. ಮೊದಲ ದಿನ ಅವರು ಅಪ್ಪನನ್ನು ತೋರಿಸಿ ಇವನು ನಿನಗೇನು ಎಂದು ಕೈಸನ್ನೆಯಲ್ಲಿ ಕೇಳಿದರು. ನಮ್ಮದು ತುಳು ಮನೆಮಾತು. ತುಳುವಿನಲ್ಲಿ ತಂದೆ ಎಂದರೆ 'ಅಮ್ಮೆರ್'. ನಾನು ಎದೆಯುಬ್ಬಿಸಿ "ಅಮ್ಮೆರ್!" ಎಂದೆ. ಅವರಿಗೆ ಕೇಳಿಸಿದ್ದು 'ಉಮ್', ತಾಯಿ. ಅಜ್ಜಿ ಅಪ್ಪನ ಮೀಸೆ ನೋಡಿದರು, ಗೋಡೆಗೆ ಒರಗಿಸಿಟ್ಟಿದ್ದ ಅಮ್ಮನ ಫೋಟೋ ನೋಡಿದರು, ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಅಂದಿನಿಂದ ಅಪ್ಪನ ಹೆಸರು 'ಉಮ್ ಅಲ್ ಬಿಂತ್', ಹುಡುಗಿಯ ತಾಯಿ. ಓಣಿಯ ಗಂಡಸರೆಲ್ಲ ಹಾಗೆಯೇ ಕರೆದು ಚೇಷ್ಟೆ ಮಾಡಿದರೂ ಅಪ್ಪ ಕೋಪಿಸಿಕೊಂಡದ್ದು ನನಗೆ ನೆನಪಿಲ್ಲ.

ಉಮ್ಮಸನಜ್ಜಿ ತಮ್ಮ ಆಡುಗಳಿಗೆ ಚೀಲ ಹೊಲಿಸುತ್ತಿದ್ದರು. ಉಳಿದ ತುಂಡುಬಟ್ಟೆಗಳಲ್ಲಿ ಅಪ್ಪ ಹೊಲಿದುಕೊಡುತ್ತಿದ್ದರು. ಹೂವಿನ ಚೀಲ ಕಟ್ಟಿಕೊಂಡ ಆಡು ಅಂಗಡಿಯ ಮುಂದೆ ಓಡಿದಾಗ ನಾನು ಕೇಳಿದೆ, "ಅದರ ಒಳಗೆ ಎಂತ ಉಂಟು?"

ಅಪ್ಪ ಮೆಷಿನ್ ನಿಲ್ಲಿಸಿದರು. ಅವರು ಸುಮ್ಮಸುಮ್ಮನೆ ಮೆಷಿನ್ ನಿಲ್ಲಿಸುವವರಲ್ಲ.

"ಅದಾ? ಅದರಲ್ಲಿ ಗೇಣಯ್ಯಗಳು ಕೂತಿದ್ದಾರೆ ಮಗಾ."

"ಯಾರು?"

"ಗೇಣುದ್ದದ ಜನ. ಯುದ್ಧ ಮಾಡುವವರು. ಗೇಣುದ್ದ ಇದ್ರೆಂತ, ಮರ್ಯಾದೆಯವರು, ಅದಕ್ಕೇ ಅಯ್ಯ ಅನ್ನುದು."

"ಸವಾರಿ ಮಾಡುವವರು ಮೇಲೆ ಕೂತುಕೊಳ್ಳುದಲ್ವಾ?"

"ಇಲ್ಲಿಯ ಬಿಸಿಲು ನೋಡಿದ್ಯಾ? ಬೆನ್ನಿನ ಮೇಲೆ ಕೂತ್ರೆ ಒಣಮೀನಾಗ್ತಾರೆ. ಹಗಲೆಲ್ಲ ಹೊಟ್ಟೆಯಡಿಗೆ, ಸಂಜೆಗೆ ಬೆನ್ನಿಗೆ."

ಇಷ್ಟು ಸರಿಯಾದ ಕಾರಣ ಕೊಟ್ಟಮೇಲೆ ಯಾರು ತಾನೆ ನಂಬುವುದಿಲ್ಲ?

ಮೆಲ್ಲಗೆ ದಂಡು ಬೆಳೆಯಿತು. ಆಡಿನವರು ಮುಖ್ಯ ಪಡೆ. ಬೇಹಿನವರಿಗೆ ಹುಂಜಗಳು. ಸೀಮೆಎಣ್ಣೆ ಗಾಡಿ ಎಳೆಯುವ ಬಿಳಿ ಕತ್ತೆ ದಳವಾಯಿಯದು, ಅದು ನಿಂತಲ್ಲಿಂದ ಕದಲದೆ ಗಾಡಿಯವನು ಬೈಯುತ್ತಿದ್ದರೆ ದಳವಾಯಿ ಏನೋ ಆಲೋಚನೆ ನಡೆಸಿದ್ದಾರೆ ಎಂದರ್ಥ. ಶತ್ರುಗಳು ಬೆಕ್ಕುಗಳು. ಯಾಕೆಂದರೆ ಬೆಕ್ಕು ಯಾರನ್ನೂ ಬೆನ್ನಿಗೆ ಹತ್ತಿಸಿಕೊಳ್ಳುವುದಿಲ್ಲವಷ್ಟೆ. ಅಂಗಿಯ ಗುಂಡಿ ಗೇಣಯ್ಯನ ಗುರಾಣಿ. ಮೆಷಿನಿನ ಸೂಜಿ ಮುರಿದರೆ ಅಪ್ಪ ಗೊಣಗುತ್ತಿರಲಿಲ್ಲ. "ಹೋ, ಒಬ್ಬರಿಗೆ ಈಟಿ ಸಿಕ್ಕಿತು!" ಎಂದು ತುಂಡನ್ನು ಒಂದು ಡಬ್ಬಿಗೆ ಹಾಕುತ್ತಿದ್ದರು. ದಂಡಿನ ಕೆಲಸವೇನೆಂದರೆ, ಅಪ್ಪ ಅಂಗಡಿಯಲ್ಲಿ ಹೊಲಿಯುತ್ತಿರುವಾಗ ಒಳಗೆ ಒಬ್ಬೊಬ್ಬರೇ ಮಲಗುವ ಹುಡುಗಿಯರಿಗೆ ಕಾವಲು. ಅಂಥ ಹುಡುಗಿ ಆ ಓಣಿಯಲ್ಲಿ ನಾನೊಬ್ಬಳೇ ಎಂಬುದು ನನಗೆ ಹೊಳೆದೇ ಇರಲಿಲ್ಲ!

ಈಸಾ ಟೌನಿನ ಶಾಲೆಗೆ ಸೇರಿದ ಮೇಲೆ ಒಮ್ಮೆ ಪ್ರಾಣಿಯ ಚಿತ್ರ ಬರೆಯಲು ಹೇಳಿದರು. ನಾನು ಆಡು ಬರೆದೆ, ಕೆಳಗೆ ಚೀಲ ಬರೆದೆ, ಚೀಲದಿಂದ ಇಣುಕುವ ತಲೆಗಳನ್ನೂ ಬರೆದೆ. ಟೀಚರು ಬಹಳ ಹೊತ್ತು ನೋಡಿ ಕೆಳಗೆ 'ಕಾಂಗರೂ' ಎಂದು ಬರೆದು ಒಂದು ನಕ್ಷತ್ರ ಕೊಟ್ಟರು. ನಕ್ಷತ್ರದ ಆಸೆಗೆ ನಾನೂ ಬಾಯಿ ಬಿಡಲಿಲ್ಲ.

ಉಮ್ಮಸನಜ್ಜಿ ಚೀಲಕ್ಕೆ ಬದಲಾಗಿ ದಿನಾ ಸಂಜೆ ಒಂದು ಲೋಟ ಬೆಚ್ಚಗಿನ ಆಡಿನ ಹಾಲು ತರುತ್ತಿದ್ದರು. ನಾನು ಕುಡಿದು ಮುಗಿಸುವ ತನಕ ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಅಪ್ಪ ಮಾತ್ರ ಆಗ ತಲೆ ಎತ್ತುತ್ತಿರಲಿಲ್ಲ, ಏನೋ ಹೊಲಿಗೆ ಬಿಚ್ಚುತ್ತಾ ಇರುತ್ತಿದ್ದರು.

ಒಂದು ದಿನ ನನ್ನ ಕಣ್ಣೆದುರೇ ಆಡಿನ ಲಾಡಿ ಕಳಚಿತು. ಚೀಲ ನೆಲಕ್ಕೆ ಬಿತ್ತು, ಒಳಗೆ ಯಾರೂ ಇಲ್ಲ! ಎಲ್ಲಿಂದಲೋ ಒಂದು ಮರಿ ಓಡಿಬಂದು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿ ಗುದ್ದಿ ಗುದ್ದಿ ಕುಡಿಯತೊಡಗಿತು. ನಾನು ಖಾಲಿ ಚೀಲ ಹಿಡಿದುಕೊಂಡು ಅಳುತ್ತಾ ಅಂಗಡಿಗೆ ಓಡಿದೆ. ಅಪ್ಪ ಹೊರಗೆ ಬಂದರು. ಮರಿಯನ್ನು ನೋಡಿದರು, ನನ್ನನ್ನು ನೋಡಿದರು.

"ಅಳ್ಬೇಡ. ಅವರು ಓಡಿಹೋದ್ದಲ್ಲ, ಇಳಿದದ್ದು. ಮರಿ ತಾಯಿ ಹತ್ರ ಬಂದ್ರೆ ಗೇಣಯ್ಯಗಳು ಇಳೀಲೇಬೇಕು. ಆಗ ಯುದ್ಧ ಇಲ್ಲ. ಅದು ಅವರ ಕಾನೂನು."

  ಮರಿಯ ಹೊಟ್ಟೆ ತುಂಬುವ ತನಕ ನಾವಿಬ್ಬರೂ ಅಲ್ಲೇ ನಿಂತಿದ್ದೆವು, ಅಪ್ಪ ನನ್ನ ಕೈಯಿಂದ ಚೀಲ ತೆಗೆದುಕೊಂಡು ಹಿಡಿದೇ ಇದ್ದರು, ಕಟ್ಟಲು ಹೋಗಲಿಲ್ಲ.

ಮೂರನೆಯ ಕ್ಲಾಸು ಮುಗಿದಾಗ ನನ್ನನ್ನು ಊರಿಗೆ ಕಳಿಸಬೇಕಾಯಿತು. ಹೆಣ್ಣುಮಗು, ಅಂಗಡಿಯ ಹಿಂದಿನ ಕೋಣೆ, ಎಷ್ಟು ದಿನ? ಅದೇ ಖಾಲಿ ಚೀಲವನ್ನು ಅಪ್ಪ ಒಗೆದು ಇಸ್ತ್ರಿ ಮಾಡಿ ನನ್ನ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು, ಹೊಲಿದು ತಂದ ಫ್ರಾಕಿನ ಅಳತೆ ಪ್ರತಿಸಲವೂ ತಪ್ಪಾಗುತ್ತಿತ್ತು. ಗೇಣಯ್ಯಗಳ ಮಾತು ಅವರೂ ಎತ್ತಲಿಲ್ಲ, ದೊಡ್ಡವಳಾದ ಜಂಬದಲ್ಲಿ ನಾನೂ ಎತ್ತಲಿಲ್ಲ. ಗಲ್ಫಿನಲ್ಲಿದ್ದು ಬಂದವರೆಲ್ಲ ಅಲ್ಲಿ ಊರು ನೆನಪಾಗುತ್ತಿತ್ತು ಎನ್ನುತ್ತಾರೆ. ನನಗೆ ಊರಿನಲ್ಲಿ ಕೂತು ಸೆಗಯಾ ನೆನಪಾಗುತ್ತದೆ. ಮೆಷಿನಿನ ಎಣ್ಣೆಯ ವಾಸನೆ, ರಟ್ಟು ಅಗಿಯುವ ಸದ್ದು, ಬಾಗಿಲಿನಾಚೆ ಅಪ್ಪ. ಈಗಲೂ ಹೋಗಿ ಆ ಕೋಣೆಯಲ್ಲಿ ಮಲಗಬೇಕು ಅನಿಸುತ್ತದೆ.

ಚೀಲದ ಗುಟ್ಟು ತಿಳಿದದ್ದು ನನ್ನ ಮಗಳಿಗೆ ಮೊಲೆ ಬಿಡಿಸುವಾಗ. ಅವಳು ರವಿಕೆ ಎಳೆದು ಅತ್ತು ರಂಪ ಮಾಡುತ್ತಿದ್ದಳು. ಬೇವಿನ ಸೊಪ್ಪು ಅರೆಯುತ್ತಾ ಕೂತವಳಿಗೆ ಥಟ್ಟನೆ ಹೊಳೆಯಿತು, ಅದು ಮರಿ ಕುಡಿಯದಂತೆ ತಾಯಿಗೆ ಕಟ್ಟುವ ಚೀಲ. ಹಾಗೆ ಉಳಿಸಿದ ಹಾಲು ನನ್ನ ಲೋಟಕ್ಕೆ ಬರುತ್ತಿತ್ತು. ತಾಯಿಯಿಲ್ಲದ ಮಗಳ ಎದುರು ಅಪ್ಪ ಇದನ್ನು ಯಾವ ಬಾಯಿಯಿಂದ ಹೇಳಬೇಕಿತ್ತು? ಅದಕ್ಕೇ ಮೆಷಿನ್ ನಿಲ್ಲಿಸಿ ಒಂದು ದಂಡನ್ನೇ ಕಟ್ಟಿದ್ದರು. ಗೊತ್ತಾಯಿತು ಎಂದು ಹೇಳೋಣವೆಂದರೆ ಆಗ ಅಪ್ಪ ಇರಲಿಲ್ಲ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಲಿಲ್ಲ ಅನ್ನಿ. ಗೇಣಯ್ಯಗಳು, ಆಡು, ಹುಂಜ, ದಳವಾಯಿಯ ಕತ್ತೆ, ಮರಿ ಬಂದರೆ ಇಳಿಯಬೇಕೆಂಬ ಕಾನೂನು, ಇವಿಷ್ಟು ಹೇಳಿದೆ. ಅವಳು ಚೀಲದೊಳಗೆ ಕೈ ಹಾಕಿ ಮೂಲೆ ಮೂಲೆ ತಡಕಿದಳು.

"ಯಾರೂ ಇಲ್ಲ ಅಜ್ಜಿ. ಇಳಿದಿದ್ದಾರೆ."

"ಹೌದಾ?"

"ಅಮ್ಮ ಬಹರೈನಿಗೆ ಹೋದ ಮೇಲೆ ಪುನಃ ಹತ್ತುದಲ್ವಾ?"

ಯಾರು ಹೇಳಿದ್ದು ಇವಳಿಗೆ? ಯಾರೂ ಹೇಳಿರಲಿಕ್ಕಿಲ್ಲ, ನಮ್ಮ ಮಾತು ಕಿವಿಗೆ ಬಿದ್ದಿರಬೇಕು. ನಾನು ಕಪಾಟು ಜೋಡಿಸಿದ್ದೆಲ್ಲ ದಂಡವಾಯಿತು.

"ಹತ್ತುತ್ತಾರೆ ಮಗಾ," ಎಂದೆ. "ನಿನಗೆ ಕಾವಲಿಗೆ. ಅಮ್ಮ ಬಂದ ದಿನ ಇಳೀಲೇಬೇಕು."

"ಈಗ ಯುದ್ಧ ಇಲ್ಲ ಅಲ್ವಾ?"

"ಈಗ ಇಲ್ಲ."

ಅವಳು ಚೀಲವನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಓಡಿದಳು. ಸೂಟ್‌ಕೇಸಿಗೆ ಬಟ್ಟೆ ಮಡಚುತ್ತಿದ್ದ ಮಗಳು "ಅರೆ, ಎಂತ ಆಯ್ತು?" ಎಂದದ್ದು ಕೇಳಿಸಿತು. ಬಾಗಿಲಿನಾಚೆ ಮಗು ಅಮ್ಮನ ಮಡಿಲು ಹತ್ತಿದ್ದು ಕಾಣಿಸಿತು. ನಾನು ಕೂತಲ್ಲೇ ಕೂತಿದ್ದೆ. ಹೊರಗಿನಿಂದ ಯಾರೋ ಕರೆದರು, ಏಳಲಿಲ್ಲ. ಮರಿಯ ಹೊಟ್ಟೆ ತುಂಬುವ ತನಕ ಚೀಲವನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ, ಅಪ್ಪನ ಹಾಗೆ.