ಬಿಸಿಯಾದರೆ ಸ್ಟಾರ್ಟ್ ಆಗದ ಕಾರು

ಹೋದ ವಾರ ಚಟ್ನಿ ರುಬ್ಬುತ್ತಿದ್ದಾಗ ಮಿಕ್ಸಿ ತಟ್ಟನೆ ನಿಂತು, ಅದರ ತಳದಿಂದ ಸುಟ್ಟ ವಾಸನೆ ಬಂತು. ಮೋಟಾರಿನ ತಂತಿ ಕಾದು ಕಪ್ಪಾದಾಗ ಬರುವ, ಗಂಟಲಿಗೆ ಅಂಟಿಕೊಳ್ಳುವ ವಾಸನೆ. ಪ್ಲಗ್ ಕಿತ್ತು ಕಿಟಕಿ ತೆರೆದೆ. ವಾಸನೆ ಹೋದ ಮೇಲೂ ಅಲ್ಲೇ ನಿಂತಿದ್ದೆ... ಎದುರುಮನೆ ಅಕ್ಕ ನೆನಪಾಗಿದ್ದರು.

ನಾನು ಮದುವೆಯಾಗಿ ಮೈಸೂರಿನ ರಾಮಕೃಷ್ಣನಗರಕ್ಕೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನನ್ನ ಗಂಡನಿಗೆ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಎದುರುಮನೆಯಲ್ಲಿ ಅಕ್ಕ ಒಬ್ಬರೇ ಇದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ಮದುವೆಯಾಗಿರಲಿಲ್ಲ. ಅವರ ಕಾಂಪೌಂಡಿನೊಳಗೆ ಎರಡೇ ಬಾಗಿಲಿನ ಹಳೆಯ ಕೆಂಪು ಕಾರೊಂದು ನಿಂತಿರುತ್ತಿತ್ತು. ಅದು ಅವರ ತಮ್ಮನದು. ಅವನು ಅದನ್ನು ರ‍್ಯಾಲಿಗಳಲ್ಲಿ ಓಡಿಸುತ್ತಿದ್ದನಂತೆ. ಎಂಜಿನ್ನನ್ನು ತಾನೇ ಬಿಚ್ಚಿ, ಇನ್ನಷ್ಟು ವೇಗ ಬರುವ ಹಾಗೆ ಜೋಡಿಸಿದ್ದನಂತೆ. ಅಕ್ಕನಿಗೆ ಡ್ರೈವಿಂಗ್ ಕಲಿಸಿದವನೂ ಅವನೇ. ಚಿಕ್ಕ ವಯಸ್ಸಿಗೇ ಕಾಮಾಲೆಯಲ್ಲಿ ತೀರಿಕೊಂಡ. ಕಾರು ಅಕ್ಕನ ಪಾಲಿಗೆ ಉಳಿಯಿತು.

ಆ ಕಾರಿಗೆ ಒಂದು ಕಾಯಿಲೆ ಇತ್ತು. ತಣ್ಣಗಿದ್ದಾಗ ಕೀ ತಿರುಗಿಸಿದ ಕೂಡಲೇ ಹತ್ತುತ್ತಿತ್ತು. ಓಡಿ ಬಿಸಿಯಾದ ಮೇಲೆ ಆಫ್ ಮಾಡಿದರೆ ಮುಗಿಯಿತು. 'ಟಕ್' ಎಂದು ಸುಮ್ಮನಾಗುತ್ತಿತ್ತು. ವೇಗಕ್ಕೆಂದು ಆ ತಮ್ಮ ಹಾಕಿಸಿದ್ದ ದಪ್ಪ ಹೊಗೆ ಕೊಳವೆಗಳು ಸ್ಟಾರ್ಟರ್ ಮೋಟಾರಿಗೆ ಒತ್ತಿಕೊಂಡೇ ಹಾದುಹೋಗುತ್ತಿದ್ದವು. ಅವುಗಳ ಕಾವಿಗೆ ಆ ಹಳೆಯ ದೊಡ್ಡ ಮೋಟಾರು ಬೆಂದು, ಎಂಜಿನ್ನನ್ನು ತಿರುಗಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತಿತ್ತು. ಹಾಗಾಗಿ ಮೈಸೂರಿನ ಇಳಿಜಾರುಗಳೆಲ್ಲ ಅಕ್ಕನಿಗೆ ಬಾಯಿಪಾಠ. ಎಲ್ಲಿಗೆ ಹೋದರೂ ಇಳಿಜಾರು ನೋಡಿಯೇ ನಿಲ್ಲಿಸುತ್ತಿದ್ದರು. ವಾಪಸು ಬರುವಾಗ ಬ್ರೇಕ್ ಬಿಟ್ಟು ಉರುಳಿಸಿಕೊಂಡು ಹೋಗಿ ಗೇರಿಗೆ ಹಾಕಿದರೆ ಸಾಕು, ಸ್ಟಾರ್ಟ್ ಆಗುತ್ತಿತ್ತು. ತರಕಾರಿಗೆ ಇಳಿದರೆ ಎಂಜಿನ್ ಓಡುತ್ತಲೇ ಇರಬೇಕು.

"ಹೊಸ ಸ್ಟಾರ್ಟರ್ ಹಾಕಿಸಬಾರದಾ ಅಕ್ಕ?" ಎಂದು ಒಮ್ಮೆ ಕೇಳಿದ್ದೆ.

"ಕಾರಿನ ಎಲೆಕ್ಟ್ರಿಷಿಯನ್ನೂ ಅದನ್ನೇ ಹೇಳ್ತಾನೆ. ಆದ್ರೆ ನನ್ ತಮ್ಮ ಕೈಯಾರೆ ಕೂರಿಸಿದ್ದು ಕಣಮ್ಮ, ಬಿಚ್ಚಿಸೋಕೆ ಮನಸ್ಸು ಬರಲ್ಲ. ನಡೀತಾ ಇದ್ಯಲ್ಲ, ನಡೀಲಿ ಬುಡು."

ನನಗೆ ಎಂಟು ತಿಂಗಳು ತುಂಬಿದ್ದಾಗ, ಬೇಸಿಗೆಯ ಒಂದು ಮಧ್ಯಾಹ್ನ, ಹೊಟ್ಟೆನೋವು ಶುರುವಾಯಿತು. ಬಟ್ಟೆಯೆಲ್ಲ ರಕ್ತ. ಗಂಡ ಕೆಲಸದಲ್ಲಿದ್ದರು. ಕಿಟಕಿಯಿಂದ ಕೂಗಿದೆ. ಅಕ್ಕ ಊಟದ ಕೈಯಲ್ಲೇ ಓಡಿಬಂದು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡರು. ಅಷ್ಟು ಜೋರಾಗಿ ಅವರು ಓಡಿಸಿದ್ದನ್ನು ನಾನು ಕಂಡಿರಲಿಲ್ಲ.

ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಹಿಂದೆ ಮುಂದೆ ಗಾಡಿಗಳು. ಅಕ್ಕ ಎಂಜಿನ್ ಆಫ್ ಮಾಡಲಿಲ್ಲ. ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯಲೇ ಇಲ್ಲ. ಬಿಸಿಲಿಗೋ ಏನೋ, ಅದು ಎರಡು ಸಲ ಕೆಮ್ಮಿ ತಾನಾಗಿಯೇ ನಿಂತಿತು. ಕೀ ತಿರುಗಿಸಿದರು. ಟಕ್. ಮತ್ತೆ ಟಕ್. ಆ ಸುಟ್ಟ ವಾಸನೆ ಕಾರಿನೊಳಗೆಲ್ಲ ತುಂಬಿಕೊಂಡಿತು. ತಳ್ಳೋಣವೆಂದರೆ ಮುಂದೆ ಜಾಗವಿಲ್ಲ. ಅಕ್ಕ ಇಳಿದು ಒಂದೊಂದು ಗಾಡಿಯ ಹತ್ತಿರ ಓಡಿ ಕೈಮುಗಿಯುತ್ತಿದ್ದುದು ಗಾಜಿನಿಂದ ಕಾಣುತ್ತಿತ್ತು. ಅಷ್ಟು ಗಟ್ಟಿ ಹೆಂಗಸು... ಕೊನೆಗೆ ಗೇಟಿನಾಚೆ ಒಂದು ಆಟೋ ಸಿಕ್ಕಿತು. ಯಾರೋ ಇಬ್ಬರು ನನ್ನನ್ನು ಎತ್ತಿಕೊಂಡೇ ಹಳಿ ದಾಟಿಸಿದರು.

ಗಂಡು ಮಗು. ಅಳಲಿಲ್ಲ.

ಮನೆ ಬಿಡುವ ಮೊದಲೇ ಎಲ್ಲ ಮುಗಿದಿತ್ತು, ಹಾರಿಕೊಂಡು ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ನನಗೂ ಹೇಳಿದರು, ಅಕ್ಕನಿಗೂ ಹೇಳಿದರು. ನಾನು ನಂಬಿದೆ. ನಂಬಿದ್ದೇನೆಂದು ಅಕ್ಕನಿಗೆ ಎಷ್ಟೋ ಸಲ ಹೇಳಿದೆ. "ಡಾಕ್ಟ್ರು ಸಮಾಧಾನಕ್ಕೆ ಹಂಗೇ ಹೇಳೋದು ಕಣಮ್ಮ" ಎಂದು ಗೋಡೆಯ ಕಡೆ ನೋಡುತ್ತಿದ್ದರು.

ನಾನು ಓಡಾಡುವಂತಾದ ಮೇಲೆ ಒಂದು ದಿನ ಬಂದು, "ಸ್ಟಾರ್ಟರ್ ನೋಡಕ್ಕೆ ಹೋಗ್ತಿದೀನಿ, ನೀನೂ ಬಾ" ಎಂದರು. ಬಿಚ್ಚಿಸಿದ್ದ ಹಳೆಯ ಮೋಟಾರನ್ನು ಚೀಲದಲ್ಲಿ ಹಾಕಿಕೊಂಡು ಸಿಟಿ ಬಸ್ಸಿನಲ್ಲಿ ಹೋದೆವು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಆ ಎಲೆಕ್ಟ್ರಿಷಿಯನ್ ಅಂಗಡಿ. ಅವರು ಹಳೆಯ ಮೋಟಾರನ್ನೇ ಹೊಸ ತಂತಿ ಸುತ್ತಿ ಕೊಡುತ್ತೇನೆಂದರು. ಅಕ್ಕ ಬೇಡವೆಂದು ತಲೆಯಾಡಿಸಿದರು. ಕೊಳವೆಗಳನ್ನೇ ತೆಗೆದು ಮಾಮೂಲಿನವು ಹಾಕಿದರೆ ಕಾವು ತಗಲುವುದಿಲ್ಲ ಎಂದರು ಎಲೆಕ್ಟ್ರಿಷಿಯನ್.

"ಅದು ಬೇಡ. ಅವನ ಕಾರು ಅಂತ ಗೊತ್ತಾಗೋದೇ ಆ ಸದ್ದಿಂದ" ಎಂದರು ಅಕ್ಕ. "ಚಿಕ್ಕದು ಬಂದಿದೆ ಅಂದಿದ್ರಲ್ಲ, ಅದನ್ನ ತೋರಿಸಿ."

ಎಲೆಕ್ಟ್ರಿಷಿಯನ್ ಒಳಗಿನಿಂದ ಎರಡು ಮೋಟಾರು ತಂದಿಟ್ಟರು, ಎರಡೂ ಹೊಸ ಕಾಲದ ಕಾರುಗಳವು. ಹಳೆಯದರ ಅರ್ಧದಷ್ಟೂ ಇರಲಿಲ್ಲ. ಒಳಗೆ ಗೇರುಗಳಿರುವುದರಿಂದ ಚಿಕ್ಕದಾದರೂ ಜೋರು ಹೆಚ್ಚು, ಬ್ಯಾಟರಿಯನ್ನೂ ಅಷ್ಟು ಹೀರುವುದಿಲ್ಲ ಎಂದು ವಿವರಿಸಿದರು. ಅಕ್ಕ ಶಾಲೆಯ ಸ್ಕೇಲು, ಕೈವಾರ ತಂದಿದ್ದರು. ಮೂತಿಯ ಚಕ್ರದ ಹಲ್ಲುಗಳನ್ನು ಹಳೆಯದರ ಹಲ್ಲುಗಳೊಡನೆ ಹೋಲಿಸಿದರು. ಒಂದರ ಹಲ್ಲು ಕೂಡಲಿಲ್ಲ, ಅದನ್ನು ಪಕ್ಕಕ್ಕೆ ಸರಿಸಿದರು. ಇನ್ನೊಂದರ ಹಲ್ಲು ಸರಿಯಿತ್ತು, ತಿರುಗುವ ದಿಕ್ಕೂ ಸರಿಯಿತ್ತು, ಆದರೆ ಬೋಲ್ಟಿನ ತೂತುಗಳು ಬೇರೆ ಕಡೆ. ಲೇತ್‌ನಲ್ಲಿ ಒಂದು ಪ್ಲೇಟು ಮಾಡಿಸಿ ಕೂರಿಸಬಹುದು ಎಂದರು ಎಲೆಕ್ಟ್ರಿಷಿಯನ್.

"ಕೊಳವೆಗೂ ಇದಕ್ಕೂ ಮಧ್ಯ ಎಷ್ಟು ಜಾಗ ಸಿಗುತ್ತೆ?"

"ಕೈ ಆಡ್ಸೋವಷ್ಟು ಸಿಗುತ್ತೆ ಮೇಡಂ."

"ಬಿಸಿಯಾದಾಗ ಹತ್ತುತ್ತಾ? ಅದೊಂದೇ ಹೇಳಿ."

"ಬೆಟ್ಟ ಹತ್ಸಿ, ಅಲ್ಲೇ ಆಫ್ ಮಾಡಿ ನೋಡಿ ಮೇಡಂ. ಹತ್ತಲಿಲ್ಲ ಅಂದ್ರೆ ವಾಪಸ್ ತನ್ನಿ."

ಅದನ್ನೇ ಆರಿಸಿದರು. ಪ್ಲೇಟಿನ ಅಳತೆಯನ್ನು ಎರಡೆರಡು ಸಲ ತೆಗೆದು ಬರೆದುಕೊಂಡರು.

ಕೂರಿಸಿದ ಮೇಲೆ ನಾವಿಬ್ಬರೇ ಚಾಮುಂಡಿ ಬೆಟ್ಟಕ್ಕೆ ಹೋದೆವು. ಬೇಕೆಂದೇ ಮಧ್ಯಾಹ್ನದ ಬಿಸಿಲಲ್ಲಿ, ಏರಿನುದ್ದಕ್ಕೂ ಎಂಜಿನ್ ಕಾಯಿಸುತ್ತ. ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಆಫ್ ಮಾಡಿದರು. ಕಾದ ಲೋಹ ಟಿಕ್ ಟಿಕ್ ಎನ್ನುತ್ತಿತ್ತು. ಆಮೇಲೆ ಕೀ ತಿರುಗಿಸಿದರು.

ಕೂಡಲೇ ಹತ್ತಿತು.

ಆಫ್ ಮಾಡಿ ಮತ್ತೆ ತಿರುಗಿಸಿದರು. ಹತ್ತಿತು. ಮತ್ತೊಮ್ಮೆ... ಅಕ್ಕ ಸ್ಟೀರಿಂಗಿನ ಮೇಲೆ ಹಣೆ ಇಟ್ಟರು.

"ಇಷ್ಟೇನಾ?" ಎಂದರು. "ಇಷ್ಟು ಸುಲಭವಾಗಿತ್ತೇನಮ್ಮ?"

ಬಿಕ್ಕಿ ಬಿಕ್ಕಿ ಅತ್ತರು. ಆಸ್ಪತ್ರೆಯಿಂದ ಬಂದ ಮೇಲೆ ನನಗೆ ಕಣ್ಣೀರೇ ಬಂದಿರಲಿಲ್ಲ. ಅವತ್ತು ಬಂತು. ಎಂಜಿನ್ ಓಡುತ್ತಲೇ ಇತ್ತು, ನಾವಿಬ್ಬರೂ ಅಳುತ್ತಲೇ ಇದ್ದೆವು.

ಎರಡು ವರ್ಷದ ಮೇಲೆ ನಾನು ಮತ್ತೆ ಬಸುರಿಯಾದೆ. ಅಕ್ಕ ದಿನಾ ಬೆಳಿಗ್ಗೆ ಕಾರನ್ನು ಸ್ಟಾರ್ಟ್ ಮಾಡಿ ನೋಡತೊಡಗಿದರು. "ಯಾವ ಹೊತ್ತಲ್ಲಾದ್ರೂ ಕೂಗು, ಗಾಡಿ ರೆಡಿ ಇರುತ್ತೆ" ಎನ್ನುತ್ತಿದ್ದರು. ಆದರೆ ಈ ಸಲ ಅಮ್ಮ ಮೊದಲೇ ಬಂದು ತವರಿಗೆ, ಮಂಡ್ಯಕ್ಕೆ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದ್ದರು. ಅಕ್ಕನೇ ಬಿಟ್ಟುಬರುತ್ತಾರೆ ಎಂದೆ. "ಆ ಕಾರೊಂದು ಬೇಡ ಕಣಮ್ಮ, ನನ್ ಮಾತು ಕೇಳು" ಎಂದರು ಅಮ್ಮ. ಎಷ್ಟು ಹೇಳಿದರೂ ಜಗ್ಗಲಿಲ್ಲ. ನಮ್ಮ ಬಾಗಿಲು ತೆರೆದಿತ್ತು, ಎದುರಿಗೇ ಅಕ್ಕ ಕಾರು ಒರೆಸುತ್ತಿದ್ದರು. ಒರೆಸುವ ಕೈ ಒಂದು ಗಳಿಗೆ ನಿಂತದ್ದು ಕಂಡೆ.

ಬಾಡಿಗೆ ಟ್ಯಾಕ್ಸಿ ಬಂದಾಗ ಗೇಟಿನ ಹತ್ತಿರ ಬಂದು ನನ್ನ ಕೆನ್ನೆ ಸವರಿದರು. "ಹುಷಾರಾಗಿ ಹೋಗ್ಬಾ. ಇಬ್ರೂ ಬನ್ನಿ" ಎಂದರು.

ಐದು ತಿಂಗಳ ಮಗಳನ್ನು ಎತ್ತಿಕೊಂಡು ಬಂದಾಗ ಅವರ ಕಾಂಪೌಂಡು ಖಾಲಿಯಿತ್ತು. ಯಾರೋ ಹಳೆಯ ಕಾರಿನ ಹುಚ್ಚಿರುವವರಿಗೆ ಕೊಟ್ಟುಬಿಟ್ಟರಂತೆ. ಅಕ್ಕ ಮಗಳನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಕೂತಿದ್ದರು.

ನಮ್ಮ ಮನೆಯಲ್ಲಿ ಮೊದಲ ಮಗುವಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನನಗೆ ನೋವಾಗಬಾರದೆಂದೇ ಇರಬೇಕು. ಆದರೆ ಪ್ರತಿ ವರ್ಷ ಆ ದಿನ ಮಧ್ಯಾಹ್ನ ಅಕ್ಕ ಬರುತ್ತಿದ್ದರು. ಬಂದು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು, ನಾನು ಕೊಟ್ಟ ಕಾಫಿ ಕುಡಿಯುತ್ತಿದ್ದರು. "ಇಷ್ಟೊತ್ತಿಗೆ ಸ್ಕೂಲಿಗೆ ಸೇರ್ತಿದ್ದ" ಎಂದರು ಒಂದು ವರ್ಷ. ಇನ್ನೊಂದು ವರ್ಷ, "ಕೂದಲು ನಿನ್ನಂಗೇ ಗುಂಗುರು ಇತ್ತು, ಅಲ್ವಾ" ಎಂದರು. ಅವನು ಬೆಳೆಯುತ್ತಿದ್ದುದು ನಮ್ಮಿಬ್ಬರ ನಡುವೆ ಮಾತ್ರ.

ನಾವು ಮೈಸೂರಿನದೇ ವಿಜಯನಗರಕ್ಕೆ ಮನೆ ಬದಲಿಸಿದ ಮೇಲೂ ಬಸ್ಸು ಹಿಡಿದು ಬರುತ್ತಿದ್ದರು. ಒಂದು ವರ್ಷ ಬರಲಿಲ್ಲ. ಹಿಂದಿನ ವಾರವಷ್ಟೇ ಹೃದಯಾಘಾತದಿಂದ ಹೋಗಿಬಿಟ್ಟರೆಂದು, ಸಂಜೆ ಫೋನ್ ಮಾಡಿದಾಗ ಅವರ ಪಕ್ಕದ ಮನೆಯವರು ಹೇಳಿದರು.

ಈಗ ಆ ದಿನ ಬಂದಾಗ ಮಧ್ಯಾಹ್ನ ನಾನೊಬ್ಬಳೇ ಕೂರುತ್ತೇನೆ. ಅವನಿಗೆ ಈಗ ಎಷ್ಟಾಗಿರುತ್ತಿತ್ತೆಂದು ಲೆಕ್ಕ ಹಾಕುತ್ತೇನೆ. ಹೌದು, ಗುಂಗುರು ಕೂದಲಿತ್ತು ಎನ್ನಲು ಮತ್ತೊಬ್ಬರಿಲ್ಲ.