ಹೆಬ್ಬೆರಳಿನ ಮೊದಲ ಚುಕ್ಕೆ

ಈ ಎರಡು ವರ್ಷದಲ್ಲಿ ಬುಷ್ರಾಳ ಮೇಲೆ ನನಗೆ ಸಿಟ್ಟು ಬರದ ದಿನವೇ ಇಲ್ಲ. ಶಿವಾಜಿನಗರದ ಈ ಕಟ್ಟಡದಲ್ಲಿ ಕೆಳಗೆ ನನ್ನ ಬ್ಲೌಸ್ ಹೊಲಿಯುವ ಅಂಗಡಿ, ಮೇಲೆ ಅವಳ ಮೆಹೆಂದಿ ಕೋಣೆ. ಮೆಟ್ಟಿಲಲ್ಲಿ ಚಪ್ಪಲಿ ಸದ್ದಾದರೆ ಸಾಕು, ಕೈಯಲ್ಲಿ ಕೋನ್ ಹಿಡಿದುಕೊಂಡೇ ಇಣುಕುತ್ತಿದ್ದಳು. ಬಂದವಳು ಗೆಳತಿ ಅಂಬ್ರೀನ್ ಅಲ್ಲ ಎಂದು ಕಂಡ ಕೂಡಲೇ ಮುಖ ಸಪ್ಪಗಾಗುತ್ತಿತ್ತು.

"ಇರೋದೇ ನಾಲ್ಕು ಗಿರಾಕಿ. ಅವರ ಮುಂದೆ ಹಂಗೆ ಮುಖ ಮಾಡ್ಬೇಡ ಕಣೇ," ಎಂದು ಬೈದರೆ, "ಏನ್ ಮಾಡ್ಲಿ ಸುಕನ್ಯಕ್ಕ, ಅಭ್ಯಾಸ ಆಗೋಗಿದೆ," ಅನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಅಂಬ್ರೀನ್ ಮತ್ತೊಮ್ಮೆ ಬಂದು, ಎದುರಿಗೆ ಕೂತು, ಕೈ ಚಾಚಬೇಕು.

ಇಬ್ಬರೂ ಇದೇ ಗಲ್ಲಿಯಲ್ಲಿ ಬೆಳೆದವರು. ಬುಷ್ರಾಳ ತಾಯಿ ಉಮ್ಮೆ ಕುಲ್ಸುಂ ಮೆಹೆಂದಿಗೆ ಹೆಸರುವಾಸಿ. ಪುಡಿಯನ್ನು ಮಲ್‌ಮಲ್ ಬಟ್ಟೆಯಲ್ಲಿ ಸೋಸಿ, ನಿಂಬೆರಸ, ನೀಲಗಿರಿ ಎಣ್ಣೆ ಹಾಕಿ ಕಲಸುತ್ತಿದ್ದರು. ಮಗಳು ಕೋನ್ ಹಿಡಿಯುವುದನ್ನು ಕಲಿತದ್ದು ಅಂಬ್ರೀನಳ ಕೈಯ ಮೇಲೆ. ಬಳ್ಳಿ ಬರೆಯಲು ಹೋಗಿ ಎರೆಹುಳ ಬರೆದಿದ್ದಳಂತೆ. ಅಂಬ್ರೀನ್ ಅದನ್ನೇ ಹೆಮ್ಮೆಯಿಂದ ತೋರಿಸಿಕೊಂಡು ಶಾಲೆಗೆ ಹೋಗಿದ್ದಳಂತೆ. ಅದನ್ನು ಹೇಳುವಾಗ ಬುಷ್ರಾ ನಗಲು ಶುರುಮಾಡಿ ಅಳುವಲ್ಲಿಗೆ ಬಂದು ನಿಲ್ಲುತ್ತಿದ್ದಳು.

ಕುಲ್ಸುಂ ಅವರದು ಒಂದು ಕಟ್ಟುನಿಟ್ಟು ಇತ್ತು. ಹೊಸ ಪುಡಿ ಬಂದಾಗಲೆಲ್ಲ ಸ್ವಲ್ಪ ಕಲಸಿ, ಮೊದಲ ಚುಕ್ಕೆಯನ್ನು ತಮ್ಮ ಹೆಬ್ಬೆರಳಿಗೆ ಇಟ್ಟುಕೊಂಡು ಎರಡು ದಿನ ಕಾಯುವುದು. ತಮಗೆ ಉರಿಯದಿದ್ದರೆ ಮಾತ್ರ ಇನ್ನೊಬ್ಬರ ಕೈಗೆ. ಮದುವೆ ಮನೆಯವರು ಬಾಗಿಲು ಬಡಿದರೂ ಅಷ್ಟೇ, ಆ ತಾಯಿ ಜಪ್ಪಯ್ಯ ಅನ್ನುತ್ತಿರಲಿಲ್ಲ. ಅವರು ತೀರಿಹೋದ ಮೇಲೆ ಬುಷ್ರಾ ತನ್ನ ಕೋನುಗಳಿಗೆ 'ಕುಲ್ಸುಂ' ಎಂಬ ಚಿನ್ನದ ಬಣ್ಣದ ಸ್ಟಿಕ್ಕರ್ ಅಂಟಿಸತೊಡಗಿದಳು. ಆ ಹೆಸರಿಗೇ ಜನ ಬರುತ್ತಿದ್ದರು.

ಅಂಬ್ರೀನಳ ಮದುವೆ ಬಂದದ್ದು ಸೀಸನ್ನಿನ ನಡುಮಧ್ಯೆ. ಒಂದೇ ವಾರದಲ್ಲಿ ಮದುವೆ ಮೇಲೆ ಮದುವೆ, ಸೋಸಿದ ಪುಡಿ ಖಾಲಿ. ಬುಷ್ರಾ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಓಣಿಯಿಂದ ಒಂದು ಡಬ್ಬಿ ರೆಡಿಮೇಡ್ ಕೋನ್ ತಂದಳು. ಕಂಪನಿಯ ಹೆಸರಿನ ಮೇಲೆ ಚಿನ್ನದ ಸ್ಟಿಕ್ಕರ್ ಮೆತ್ತಿದಳು. ಸೀಸನ್ನಿನಲ್ಲಿ ಹೀಗೆ ಮಾಡುವವರು ಅವಳೊಬ್ಬಳೇ ಅಲ್ಲ, ಬಿಡಿ. ಮೊದಲ ಚುಕ್ಕೆ ಹೆಬ್ಬೆರಳಿಗೆ ಇಟ್ಟುಕೊಂಡಳು, ಕೋನಿನ ತುದಿ ಬಿಟ್ಟುಕೊಂಡಿತಾ ಅಂತ ಮಾತ್ರ ನೋಡಿ ಆಗಲೇ ಹತ್ತಿಯಲ್ಲಿ ಒರೆಸಿಬಿಟ್ಟಳು. ಕಾಯಲು ಪುರುಸೊತ್ತೆಲ್ಲಿತ್ತು!

ಮದುವೆಯ ಮಾರನೆಯ ದಿನ, ಗಂಡಿನ ಕಡೆಯವರ ವಲೀಮಾ ಊಟದ ಹೊತ್ತಿಗೆ ಅಂಬ್ರೀನಳ ಕೈ ಬಾತು ಬೊಬ್ಬೆ ಎದ್ದಿತ್ತು. ಬೊಬ್ಬೆ ಒಣಗಿದ ಮೇಲೂ ಗುರುತು ಹೋಗಲಿಲ್ಲ. ಬುಷ್ರಾ ಬರೆದ ಬಳ್ಳಿ, ಎಲೆಗೆ ಎಲೆ, ಎರಡೂ ಮುಂಗೈ ಮೇಲೆ ಉಬ್ಬಿ ಉಳಿದುಬಿಟ್ಟಿತು. ಅಂದಿನಿಂದ ಅಂಬ್ರೀನ್ ಗ್ಲೌಸ್ ಹಾಕದೆ ಹೊರಗೆ ಬರುತ್ತಿರಲಿಲ್ಲ. ಹೊರಮಾವಿನ ಗಂಡನ ಮನೆಯಿಂದ ಬುಷ್ರಾಳಿಗೆ ಬಂದದ್ದು ಫೋನಲ್ಲ, ಗ್ರಾಹಕರ ಆಯೋಗದ ನೋಟೀಸು.

ನನ್ನ ಹತ್ತಿರ ಬ್ಲೌಸ್ ಹೊಲಿಸುವ ವಕೀಲೆ ತೇಜಶ್ರೀ ಅವರ ಬಳಿ ಇವಳನ್ನು ಎಳೆದುಕೊಂಡು ಹೋದೆ. ಅಲ್ಲಿ ಮೊದಲ ಸಲ ನಿಜ ಬಾಯಿಬಿಟ್ಟಳು. ಕೇಳಿ ನನಗೆ ಎರಡು ಬಾರಿಸೋಣ ಅನ್ನಿಸಿತು.

ತೇಜಶ್ರೀ ಮಾತ್ರ ನೆಟ್ಟಗೆ ಕೂತರು. "ಹಂಗಾದ್ರೆ ಕೇಸಲ್ಲಿ ಕಂಪನೀನೂ ಪಾರ್ಟಿ ಮಾಡೋಣ. ಅವರು ಗೊತ್ತಿದ್ದು ಮಾಡಿದ್ರೋ ಗೊತ್ತಿಲ್ದೆ ಮಾಡಿದ್ರೋ, ಅದು ಬೇಕಾಗಿಲ್ಲ. ಮಾಲಲ್ಲಿ ದೋಷ ಇತ್ತು, ಅದ್ರಿಂದಾನೇ ಗಾಯ ಆಯ್ತು, ಇಷ್ಟು ಸಾಬೀತಾಗ್ಬೇಕು. ಆದ್ರೆ ಕೋನ್ ಅವರದ್ದೇ ಅಂತ ತೋರಿಸ್ಬೇಕಲ್ಲಮ್ಮ?"

"ಫ್ರಿಜ್ಜಲ್ಲಿ ಉಳಿದಿವೆ ಮೇಡಂ, ಅದೇ ಡಬ್ಬೀವು," ಎಂದಳು ಬುಷ್ರಾ. "ಆದ್ರೆ ಸ್ಟಿಕ್ಕರ್ ಕಿತ್ರೆ ಅಮ್ಮೀ ಹೆಸರು ಮಣ್ಣುಪಾಲಾಗತ್ತೆ."

"ಕೀಳ್ದೇ ಇದ್ರೆ ಎಲ್ಲಾ ಗಾಯಾನೂ ಅಮ್ಮೀ ಹೆಸರಿಗೇ ಬರತ್ತೆ ಕಣೇ, ಪೆದ್ದಿ!" ಎಂದು ನಾನೇ ಕೂಗಿದೆ.

ಆಯೋಗದಲ್ಲಿ ಕಂಪನಿ ವಕೀಲರು ಬುಷ್ರಾಳದೇ ಹಳೆಯ ವಾಟ್ಸಾಪ್ ಸ್ಟೇಟಸ್ ಹಿಡಿದು ನಿಂತರು. ಚಿನ್ನದ ಸ್ಟಿಕ್ಕರ್, ಕೆಳಗೆ 'ಮನೆಯಲ್ಲೇ ಕಲಸಿದ ಮೆಹೆಂದಿ'. ಇದು ಈಯಮ್ಮನ ಸ್ವಂತ ಮಾಲು, ನಮಗೇನು ಸಂಬಂಧ ಎಂದರು. ಬುಷ್ರಾ ಎದ್ದು, ಎಲ್ಲರ ಎದುರಿಗೆ ಒಂದು ಕೋನಿನ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿದಳು. ಕೆಳಗೆ ಕಂಪನಿಯ ಹೆಸರು ಅಚ್ಚುಕಟ್ಟಾಗಿ ಕೂತಿತ್ತು.

"ಇದು ನಮ್ಮ ಅಮ್ಮೀದಲ್ಲ. ಹೆಸರು ಮಾತ್ರ ಅಮ್ಮೀದು, ಅಂಟಿಸಿದ್ದು ನಾನು," ಎಂದಳು. ಹೇಳಿದ್ದು ಆಯೋಗದವರಿಗೆ, ನೋಡಿದ್ದು ಆ ಕಡೆ ಬೆಂಚಿನಲ್ಲಿ ಕೂತಿದ್ದ ಅಂಬ್ರೀನಳ ಕಡೆಗೆ. ಅಂಬ್ರೀನ್ ತನ್ನ ಗ್ಲೌಸನ್ನೇ ನೋಡುತ್ತ ಕೂತಳು.

ಲ್ಯಾಬಿಗೆ ಕಳಿಸಿದ ಕೋನಿನಲ್ಲಿ ತಲೆಗೂದಲಿಗೆ ಹಾಕುವ ಡೈಯ ರಾಸಾಯನಿಕ ಸಿಕ್ಕಿತು. ಕಂಪನಿ ಪರಿಹಾರ ಕೊಡಬೇಕು, ಹೆಸರು ಮರೆಮಾಚಿದ್ದಕ್ಕೆ ಬುಷ್ರಾಳೂ ಸ್ವಲ್ಪ ಪಾಲು ಕೊಡಬೇಕು ಎಂದು ಆದೇಶವಾಯಿತು. ಅವಳು ತಕರಾರಿಲ್ಲದೆ ಕೊಟ್ಟಳು. ಸುದ್ದಿ ಗಲ್ಲಿಯೆಲ್ಲ ಹರಡಿ ಗಿರಾಕಿಗಳು ಅರ್ಧಕ್ಕರ್ಧ ನಿಂತುಹೋದರು. ಅದಕ್ಕೂ ಅವಳು ಅಳಲಿಲ್ಲ. ಕೇಸು ಗೆದ್ದ ದಿನ ಅಂಬ್ರೀನ್ ತಿರುಗಿಯೂ ನೋಡದೆ ಆಟೋ ಹತ್ತಿದಳಲ್ಲ, ಅದಕ್ಕೆ ಅತ್ತಳು. ನನ್ನ ಅಂಗಡಿಯಲ್ಲಿ, ಗಿರಾಕಿಯ ರೇಷ್ಮೆ ಬ್ಲೌಸಿಗೆ ಮುಖ ಒತ್ತಿಕೊಂಡು! ಅದನ್ನು ನಾನೇ ಮತ್ತೆ ಇಸ್ತ್ರಿ ಮಾಡಿದೆ.

ಈ ಸಲ ರಂಜಾನ್ ಹಬ್ಬದ ಹಿಂದಿನ ದಿನ ಮಧ್ಯಾಹ್ನ, ನನ್ನ ಅಂಗಡಿ ಮುಂದೆಯೇ ಅಂಬ್ರೀನ್ ನಿಂತಿದ್ದಳು. "ಮೇಲಿದಾಳಾ ಅಕ್ಕ?" ಎಂದಳು. ಮಿಷನ್ನು ಹಾಗೇ ಬಿಟ್ಟು ನಾನೂ ಹಿಂದೆಯೇ ಹತ್ತಿದೆ. ಕೆಟ್ಟ ಕುತೂಹಲ ನನ್ನದು, ಏನು ಮಾಡಲಿ?

ಅಂಬ್ರೀನ್ ಎದುರಿಗೆ ಕೂತು ಗ್ಲೌಸ್ ಕಳಚಿದಳು. ಅಂಗೈ ಮೇಲೆ ಮಾಡಿ ಚಾಚಿದಳು. "ಹಾಕು. ನಾಳೆ ಹಬ್ಬ."

ಬುಷ್ರಾ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಬಹಳ ಹೊತ್ತು ಬಿಡಲೇ ಇಲ್ಲ. ತಾಯಿಯ ಹಾಗೆ ಸೋಸಿ ಕಲಸಿದ ಮೆಹೆಂದಿ ಪಕ್ಕದಲ್ಲೇ ಇತ್ತು. ಕೋನ್ ತೆಗೆದು ಮೊದಲ ಚುಕ್ಕೆ ತನ್ನ ಹೆಬ್ಬೆರಳಿಗೆ ಇಟ್ಟುಕೊಂಡಳು. ಇನ್ನೊಂದನ್ನು ಅಂಬ್ರೀನಳ ಮೊಣಕೈ ಒಳಮಡಿಕೆಗೆ ಇಟ್ಟು, ಕೈ ಬಿಟ್ಟಳು.

"ಎರಡು ದಿನ ಬಿಟ್ಟು ಬಾ."

ನನಗೆ ಮೈ ಉರಿದುಹೋಯಿತು. "ತಲೆಗಿಲೆ ಕೆಟ್ಟಿದ್ಯೇನೇ ನಿಂಗೆ? ಇವಳಿಗೋಸ್ಕರ ತಾನೆ ಮೆಟ್ಟಿಲು ಕಾಯ್ತಾ ಕೂತಿದ್ದು!"

"ಹಬ್ಬ ಮುಗ್ದೋಗತ್ತೆ ಕಣೇ," ಎಂದಳು ಅಂಬ್ರೀನ್.

"ಮುಗೀಲಿ. ಉರಿಯಲ್ಲ ಅಂತ ಗೊತ್ತಾಗೋವರ್ಗೂ ನಿನ್ನ ಕೈಗೆ ಹಾಕಲ್ಲ."

ಅಂಬ್ರೀನ್ ಅವಳನ್ನೇ ನೋಡಿದಳು. "ಅವತ್ತೂ ಹಿಂಗೇ ಅಂದಿದ್ರೆ ಕಾಯ್ತಿದ್ದೆ ಬುಷ್ರಾ. ನಿಕಾಹ್ ಮುಂದಕ್ಕೆ ಹಾಕ್ಸಿಯಾದ್ರೂ ಕಾಯ್ತಿದ್ದೆ," ಎಂದು ಎದ್ದು ಹೋದಳು.

ಹಬ್ಬದ ದಿನ ಬುಷ್ರಾ ನನಗೆ ಶೀರ್‌ಖುರ್ಮಾ ಪಾಯಸ ತಂದುಕೊಟ್ಟಳು, ಸಕ್ಕರೆ ಹಾಕುವುದನ್ನೇ ಮರೆತಿದ್ದಳು. ಹತ್ತು ಸಲ ಹೆಬ್ಬೆರಳು ನೋಡಿಕೊಂಡಳು. "ಬರ್ತಾಳಾ ಅಕ್ಕ?" ಎಂದು ಕೇಳಿದಳು. ನನಗೇನು ಗೊತ್ತು? ಸಪ್ಪೆ ಶೀರ್‌ಖುರ್ಮಾವನ್ನೇ ಚೆನ್ನಾಗಿದೆ ಎಂದು ತಿಂದೆ.

ಹಬ್ಬ ಕಳೆದ ಮಾರನೆಯ ದಿನ ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು. ನಾನು ಹೊರಗೆ ಬಂದು ನೋಡಿದೆ. ಅಂಬ್ರೀನ್ ಕುರ್ತಾದ ಒಂದು ತೋಳನ್ನು ಮೊಣಕೈ ಮೇಲಕ್ಕೆ ಮಡಚಿಕೊಂಡು ಹತ್ತುತ್ತಿದ್ದಳು. ಒಳಮಡಿಕೆಯಲ್ಲಿ ಕೆಂಪಗೆ ಮೆಹೆಂದಿಯ ಒಂದು ಚುಕ್ಕೆ, ಸುತ್ತ ಚರ್ಮ ನುಣ್ಣಗಿತ್ತು. ಕೈಗೆ ಗ್ಲೌಸ್ ಇರಲಿಲ್ಲ. ಮೇಲಿನ ಬಾಗಿಲಲ್ಲಿ ಯಾರೂ ಕಾಣಲಿಲ್ಲ. ಎರಡು ವರ್ಷ ನಾಯಿ ಬೆಕ್ಕು ಹತ್ತಿದರೂ ಇಣುಕುತ್ತಿದ್ದವಳು ಇವತ್ತು ಹೆದರಿ ಒಳಗೇ ಕೂತುಬಿಟ್ಟಿದ್ದಾಳೆ!

"ಏ ಬುಷ್ರಾ," ಎಂದು ನಾನೇ ಕೆಳಗಿನಿಂದ ಗಂಟಲು ಹರಿಯುವಂತೆ ಕೂಗಿದೆ, "ಇವತ್ತು ಇಣುಕೇ!"