ತ್ಯಾಂಪಣ್ಣ ಎಂಬ ಎಂಟನೆಯವನು

ಸುಳ್ಯದ ಬಸ್ ನಿಲ್ದಾಣದಲ್ಲಿ ಜನರನ್ನು ಕರೆದು ಬಸ್ಸು ಹತ್ತಿಸುವ ಏಜೆಂಟನಾಗಿರುವ ತ್ಯಾಂಪಣ್ಣನಿಗೆ ಕೂತು ಚಹಾ ಕುಡಿದು ಅಭ್ಯಾಸವಿಲ್ಲ. ಅಜ್ಜಾವರದ ಕಬಡ್ಡಿ ತಂಡದ ಪಂದ್ಯ ಹತ್ತಿರ ಬಂತೆಂದರೆ ಗ್ಲಾಸು ಹಿಡಿದುಕೊಂಡೇ ಸಂಕಪ್ಪಣ್ಣನ ಹೋಟೆಲಿನ ಒಳಗೂ ಹೊರಗೂ ನಡೆಯುತ್ತಿರುತ್ತಾನೆ. "ನಮ್ಮವರ ಹಿಡಿತ ಸಾಲದು ಮಾರಾಯ್ರೆ. ಆ ಕಲ್ಲುಗುಂಡಿಯವರ ಕಾಲು ಹಿಡಿದರೆ ಹಿಡಿದವನನ್ನೇ ಎಳೆದುಕೊಂಡು ಹೋಗುದು," ಎನ್ನುತ್ತ ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದವನ ಕಾಲನ್ನೇ ಹಿಡಿದು ತೋರಿಸುತ್ತಾನೆ. ಅಷ್ಟರಲ್ಲಿ ಪುತ್ತೂರಿನ ಬಸ್ಸು ಹೊರಟೇ ಹೋಗಿರುತ್ತದೆ. "ಅದಿರಲಿ, ಏಳು ಜನರಲ್ಲಿ ಒಬ್ಬನಿಗೆ ಪೆಟ್ಟಾದರೆ ಇಳಿಲಿಕ್ಕೆ ಯಾರುಂಟು?" ಎಂಬಲ್ಲಿಗೇ ಅವನ ಮಾತು ಬಂದು ನಿಲ್ಲುತ್ತದೆ. "ನೀನೇ ಇಳಿ ಮಾರಾಯ, ನಿನ್ನ ಹೊಟ್ಟೆ ಕಂಡರೆ ಅವರು ಅಂಕಣಕ್ಕೇ ಬರ್ಲಿಕ್ಕಿಲ್ಲ," ಎಂದು ಸಂಕಪ್ಪಣ್ಣ ಹೇಳಿದರೆ ಎಲ್ಲರಿಗಿಂತ ಜೋರಾಗಿ ನಗುವವನೂ ಅವನೇ. ಮನೆಯಲ್ಲೂ ಅದೇ ಚಿಂತೆ. ಹೆಂಡತಿ ಮೋಹಿನಿ ಮಗುವಿಗೆ ಅನ್ನ ಕಲಸುತ್ತ ಹೂಂಗುಟ್ಟುತ್ತಾಳೆ. ಯಾರಾದರೂ ಆಡಲು ಕರೆದರೆ ಇರಲಿ ಎಂದು, ಮದುವೆಗೆ ಮುಂಚೆ ತಂಡದಲ್ಲಿದ್ದಾಗ ಆಡಿದ ಚಡ್ಡಿಯನ್ನು ಪ್ರತಿ ಪಂದ್ಯಕ್ಕೂ ಅವನು ಉಟ್ಟ ಮುಂಡಿನ ಒಳಗೆ ಹಾಕಿಕೊಂಡೇ ಹೋಗುತ್ತಾನೆಂದು ಗೊತ್ತಿರುವುದು ಅವಳೊಬ್ಬಳಿಗೆ. ಕರೆಯುವವರಿಲ್ಲದೆ ಮರಳಿದವನ ಸೊಂಟದ ಸುತ್ತ ಕೆಂಪು ಗೆರೆ ಎದ್ದಿರುತ್ತದೆ. ಆ ಮಾತನ್ನು ಅವಳು ಎತ್ತಿದವಳಲ್ಲ. ನಾಳೆ ರಾತ್ರಿ ಕಲ್ಲುಗುಂಡಿಯಲ್ಲಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಪಂದ್ಯ. ಇವತ್ತು ಮಧ್ಯಾಹ್ನ ಮಗು ಮಲಗಿದ ಮೇಲೆ ಮೋಹಿನಿ ಆ ಚಡ್ಡಿಯ ಹಳೆಯ ಇಲಾಸ್ಟಿಕ್ ಬಿಚ್ಚಿ, ಇನ್ನಷ್ಟು ಉದ್ದದ ಹೊಸತನ್ನು ಹೊಲಿದು, ಮೊದಲಿದ್ದ ಹಾಗೆಯೇ ಮಡಚಿ ಅವನ ಬಟ್ಟೆಗಳ ಅಡಿಯಲ್ಲಿ ಇಟ್ಟಳು.